ದುಪ್ಪಟಿ

ಆಗಸ್ಟಿನ ರಾತ್ರಿ.
ತಬೇರ್ನಾಸಿನ ಈಚೆ, ನಮ್ಮೂರ ಚರ್ಚಿನ ಹಿಂಗೋಡೆಗೆ
ಅವ್ವನ ಎರಡು ದುಪ್ಪಟಿ ಜೋಡಿಸಿ ಹೊಲಿದು ಬಿಗಿದಿದ್ದೇನೆ.
ಕುರ್ಚಿಗಳು ಅವರವರ ಮನೆಯಿಂದ,
ಸೂರ್ಯಕಾಂತಿ ಬೀಜ ಫೆರ್ಮಿನನ ಅಂಗಡಿಯಿಂದ,
ಸೊಳ್ಳೆ ಎಲ್ಲಿಂದಲೋ.

ಐವತ್ತು ಚಿಲ್ಲರೆ ವರ್ಷದ ಹಿಂದೆ
ಇಟಲಿಯವರು ಬಂದು, ನಮ್ಮ ಬೆಂಗಾಡಿಗೆ
ಅರಿಜೋನಾ ಎಂದು ಹೆಸರಿಟ್ಟು ತೆಗೆದುಕೊಂಡು ಹೋದ ಚಿತ್ರ.
ಕಥೆ ಇಷ್ಟೆ:
ಒಬ್ಬನ ಅಣ್ಣನನ್ನು ಏಳು ಜನ ಕೊಂದರು.
ಅವನು ಏಳೂ ಜನರನ್ನು ಕೊಂದ.
ನಡುವೆ ಗಾಳಿ.

ಮುಗಿದ ಮೇಲೆ ಯಾರೂ ಏಳಲಿಲ್ಲ.
ಮೊದಲು ಬಾಯಿ ತೆರೆದವನು ಕಟುಕ ಹಿನೆಸ್:
"ಕತ್ತು ಕೊಯ್ದರೆ ರಕ್ತ ಹಾಗೆ ಚಿಮ್ಮೋದಿಲ್ಲ.
ಮೊದಲು ಒಂದು ಗಳಿಗೆ ಏನೂ ಆಗೋದಿಲ್ಲ.
ಕುರಿಗೂ ಗೊತ್ತಾಗೋದಿಲ್ಲ, ನನಗೂ.
ಆ ಗಳಿಗೇನೇ ಬಿಟ್ಟುಬಿಟ್ಟಿದ್ದಾರೆ."

"ಸೇರಿಗೆ ಸೇರು ಆಯ್ತು, ಸವ್ವಾಸೇರು ಎಲ್ಲಿ?"
ಕ್ಷೌರದ ಎಲೋಯ್‌ಗೆ ಏಳು ಸಾವು ಸಾಲಲಿಲ್ಲ.
ಅವನ ಹೆಂಡತಿ ಅವನನ್ನೇ ನೋಡಿದಳು,
ನಾಳೆಯಿಂದ ಗಡ್ಡ ಯಾರ ಕೈಗೆ ಕೊಡುವುದೆಂದು
ಉಳಿದವರೂ ನೋಡಿದರು.

"ಮೂರನೆಯವನು ನಾನು," ಎಂದ ಇಂದಲೇಸಿಯೊ,
"ಐದನೆಯವನೂ ನಾನೇ, ಮೀಸೆ ಬೇರೆ.
ಕುದುರೆಯಿಂದ ಬಿದ್ದದ್ದಕ್ಕೆ ಇನ್ನೂರು ಪೆಸೆಟಾ,
ಸತ್ತದ್ದಕ್ಕೆ ನೂರು.
ಬೀಳೋದು ಕಷ್ಟ ಮಾರಾಯರೆ.
ಸಾಯೋಕೇನು, ಊಟದ ಗಂಟೆ ಹೊಡೆಯೋ ತನಕ ಮಲಗಿದ್ದರಾಯ್ತು.
ಇರುವೆ ಕಚ್ಚಿದರೂ ಅಲುಗಬಾರದು, ಅಷ್ಟೇ."

ಗ್ರಾನಾದಾದಲ್ಲಿ ಓದುವ ಇರೆನೆ ಎದ್ದು ನಿಂತು ಹೇಳಿದಳು:
ಕೊನೆಯಲ್ಲಿ ಅಪ್ಪ ಬೀಳುವುದನ್ನು
ಕಿಟಕಿಯಿಂದ ಕಾಣುತ್ತಾಳಲ್ಲ ಒಬ್ಬ ಹುಡುಗಿ,
ಚಿತ್ರವೆಲ್ಲ ಅವಳ ಮುಖದಲ್ಲಿದೆ.
ಎಂಟನೆಯ ಕೊಲೆ ಆ ಕಣ್ಣಲ್ಲಿ ಮೊಳೆಯುತ್ತಿದೆ.

ಹಿಂದಿನ ಸಾಲಿನಲ್ಲಿ ಗಾದೋರ್ ಬೀಜದ ಸಿಪ್ಪೆ ಉಗಿದಳು.
"ಆ ಹುಡುಗಿ ನಾನು ಕಣೆ.
ಕ್ಯಾಮೆರಾದ ಹಿಂದೆ ಒಂದು ಮೇಕೆ
ನನ್ನ ಚಪ್ಪಲಿ ತಿಂತಿತ್ತು.
ಹೊಸ ಚಪ್ಪಲಿ."

ಚೌಕವೇ ನಕ್ಕಿತು. ಇರೆನೆಯೂ ನಕ್ಕಳು, ಸ್ವಲ್ಪ ತಡವಾಗಿ.
ಮತ್ತೆ ಯಾರೋ ಕೇಳಿದರು: ಮೇಕೆಯನ್ನೇನು ಮಾಡಿದೆ?
"ಈಸ್ಟರ್‌ಗೆ ತಿಂದೆವು," ಎಂದಳು ಗಾದೋರ್.
ಆಗ ನಗು ಅಷ್ಟು ಬರಲಿಲ್ಲ.

ಔಷಧಿ ಅಂಗಡಿಯ ಮುದುಕಿ ಪಿಯೆದಾದ್ ಮಾತ್ರ
ಬೀಸಣಿಗೆ ಮಡಚುತ್ತ, ಬಿಚ್ಚುತ್ತ,
"ಎಲ್ಲಾ ಸರಿ," ಅಂದಳು. "ಏಳು ಜನರನ್ನೂ ಕೊಂದ.
ಆ ರಾತ್ರಿ ಊಟಕ್ಕೆ ಎಲ್ಲಿಗೆ ಹೋದ?
ಅವನಿಗೆ ಅಡುಗೆ ಮಾಡಿ ಹಾಕಿದವಳು
ಅವನ ಎದುರು ಕೂತಳೋ, ಬೆನ್ನು ತಿರುಗಿಸಿದಳೋ?
ಅದನ್ನು ತೋರಿಸಬೇಕಿತ್ತು."

ಉತ್ತರ ಯಾರಲ್ಲೂ ಇರಲಿಲ್ಲ.
ನಾನು ಏಣಿ ಹತ್ತಿ ಗಂಟು ಬಿಚ್ಚಿದೆ.
ದುಪ್ಪಟಿ ಜಾರಿತು.

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ನಮ್ಮ ಗೋಡೆಗೆ ಇರುವುದು ಬೇರೆ:
ಎದೆಯ ಎತ್ತರಕ್ಕೆ ಒಂಬತ್ತು ಕುಳಿ.
ಪ್ರತಿ ಮೇ ತಿಂಗಳೂ ಸುಣ್ಣ ಬಳಿಯುತ್ತೇವೆ,
ಕುಳಿಗೂ ಬಳಿಯುತ್ತೇವೆ, ತುಂಬುವುದಿಲ್ಲ.
ತುಂಬಬೇಡಿ ಎಂದು ಯಾರೂ ಹೇಳಿಲ್ಲ,
ತುಂಬಿ ಎಂದೂ.
ಒಂದರಲ್ಲಿ ಹಲ್ಲಿ ಸಂಸಾರ ಹೂಡಿದೆ.

ಇಲ್ಲಿ ಇಟಲಿಯವರು ಚಿತ್ರ ತೆಗೆಯಲಿಲ್ಲ.

ಪಿಯೆದಾದಳ ಚಿಕ್ಕಪ್ಪ. ಹಿನೆಸನ ಅಜ್ಜ.
ಇಷ್ಟು ಬರೆಯುವುದಕ್ಕೇ ನನ್ನ ಕೈ ಆಚೀಚೆ ನೋಡುತ್ತದೆ.
ಯಾರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು,
ಯಾರು ಎದುರಿಗೆ,
ನಾಲ್ಕನೆಯ ತರಗತಿಯ ಹುಡುಗರಿಗೂ ಗೊತ್ತು,
ಹೇಗೆ ಗೊತ್ತೋ ಗೊತ್ತಿಲ್ಲ.

ಸುಣ್ಣದ ಬಿಳುಪಿನ ಕಡೆ ತಿರುಗದೆ
ಜನ ಕುರ್ಚಿ ಮಡಚಿದರು.
ಪಿಯೆದಾದಳ ಕುರ್ಚಿ ಮಡಚುವಂಥದ್ದಲ್ಲ,
ವಾಲ್‌ನಟ್ ಮರದ್ದು, ತೂಕ.
ಹಿನೆಸ್ ಅದನ್ನು ತಲೆಯ ಮೇಲೆ ಹೊತ್ತ,
ಪ್ರತಿ ಶನಿವಾರದ ಹಾಗೆ.
ಅವಳು ಹತ್ತು ಹೆಜ್ಜೆ ಹಿಂದೆ, ಟಾರ್ಚು ಹಿಡಿದು,
ಬೆಳಕನ್ನು ಅವನ ಕಾಲ ಮುಂದೆ ಬಿಡುತ್ತ.

ಬಾಗಿಲಲ್ಲಿ ಅಂದಳು: "ಇಳಿಸು."
ಇಳಿಸಿದ.
"ಮುಂದಿನ ವಾರ ಯಾವುದಂತೆ?"
"ನಗೋ ಚಿತ್ರವಂತೆ, ಸೆನ್ಯೋರಾ."
"ಹೂಂ," ಅಂದಳು. "ಅದಕ್ಕೂ ಹೊರು."

ದುಪ್ಪಟಿಯಲ್ಲಿ ಸುಣ್ಣದ ಪುಡಿ.
ಕೊಡವಿದೆ, ಮತ್ತೆ ಕೊಡವಿದೆ.
ಅವ್ವ ಅದನ್ನೇ ಹಾಸಿಕೊಂಡು ಮಲಗಿದಳು.