ಇವತ್ತಿಂದು ಎಷ್ಟದ?

ಹಗಲೆಲ್ಲ ಮಲಗಿ ಎದ್ದರೂ
ಕಿವಿಯೊಳಗ ಮಗ್ಗ ನಡದೇ ಇರ್ತದ.
ಅಕ್ಕಲಕೋಟ ರೋಡಿನ ಕಾರಖಾನಿ,
ಹದಿನೇಳು ವರ್ಷದ ರಾತ್ರಿಪಾಳಿ.
ಎಡಗಿವಿ ಪೂರಾ ಹೋಗ್ಯದ,
ಬಲಗಿವಿಗೆ ಮಾತು ಬರ್ತದ, ಖರೆ,
ಟಾವೆಲ್ಲಿನ ಅಂಚಿನ ದಾರದಂಗ ಎಳಿ ಎಳಿಯಾಗಿ.

ಸಂಜಿಮುಂದ ಸುಗಲಾ
ಬೀಡಿ ಕೊಟ್ಟು ಬರಾಕ ಹೋಗಿರ್ತಾಳ.
ಮನ್ಯಾಗ ನಾನು, ಒಲಿ, ಕಸ್ತೂರಿ.
ಕಸ್ತೂರಿ ಮೂರನೇತ್ತಾ. ಮರಾಠಿ ಸಾಲಿ.

ಒಂದಿನ ದಪ್ತರ ಎಸದು
ಗ್ವಾಡಿಗೆ ಮಾರಿ ಮಾಡಿ ಕುಂತ್ಳು.
ಏನಾತವ್ವಾ? ಅಂದೆ.
ತುಟಿ ಅಲುಗಿದ್ವು. ನನಗ ಕೇಳಲಿಲ್ಲ.
ಮತ್ತ ಕೇಳಿದೆ. ಮತ್ತ ಬರೇ ತುಟಿ.
ಮೂರನೇ ಸಲ ಕೇಳೂದಂದ್ರ
ಹುಣ್ಣಿನ ಮ್ಯಾಲ ಬೆರಳಿಟ್ಟು
ಇಲ್ಲೇನು, ಇಲ್ಲೇನು ಅಂದಂಗ.

ನನ್ನ ಕೈ ಹಿಟ್ಟಿನ್ಯಾಗಿದ್ವು.
ರೊಟ್ಟಿ ಬಡಿಯೂದು ಮೂವತ್ತೆಂಟಕ್ಕ ಕಲತವನು ನಾ,
ನಾ ಬಡದ ರೊಟ್ಟಿ ಅಂಚು ಸೀಳಿ
ನಮ್ಮ ಓಣಿಯ ನಕಾಶಿ ಆಗಿರ್ತಾವ.
ಏನು ಮಾಡಬೇಕು ತಿಳೀದ
ಒಂದು ಮುದ್ದಿ ಹರದು ಆಕಿ ಕೈಯಾಗಿಟ್ಟೆ.
"ಹೇಳಬ್ಯಾಡ. ಎಷ್ಟದ ಅಷ್ಟು ತೋರ್ಸು."

ನೋಡಿದ್ಳು. ಹಿಸುಕಿದ್ಳು. ಸಾಲಲಿಲ್ಲ.
ಪರಾತಕ್ಕ ಕೈ ಹಾಕಿ ಇನ್ನೊಂದು ಹಿಡಿ,
ಇನ್ನೊಂದು,
ಎರಡೂ ಕೈಲೆ ಹಿಡೀಲಾರದಷ್ಟು ಆತು.
ಗುದ್ದಿದ್ಳು.
ನಾಕು ಸಲ. ಐದು. ಪರಾತ ಜಿಗೀತು.
ಆ ಸಪ್ಪಳ ನನ್ನ ಎಡಗಿವಿಗೂ ಕೇಳಿದಂಗಾತು.

ಆಮ್ಯಾಲ ಇಬ್ರೂ ಕೂಡಿ ಅದನ್ನ ಬಡದ್ವಿ.
ಹಂಚಿಗಿಂತ ದೊಡ್ಡದಿತ್ತು,
ಅಂಚು ಇಳಿಬಿದ್ದು ಹೊತ್ತಿತು.
ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ.
ಅರ್ಧ ತಿಂದು, ಇನ್ನೂ ಅಗೀಕೋತ
ಬಲಗಿವಿಗೆ ಬಂದು ಹೇಳಿದ್ಳು:
ನೀರಡಿಕಿ ಆಗಿತ್ತಂತ,
ಪಾಣಿ ಅನ್ನೂದು ನಾಲಿಗಿಗೆ ಬರಲಿಲ್ಲಂತ,
ನೀರು ಅಂದ್ಳಂತ. ಇಡೀ ವರ್ಗ ನಕ್ಕಿತಂತ.
"ನಮ್ಮ ಟೀಚರಿಗೆ ಬಾಯಿ ಅಂತಾರಪ್ಪಾ.
ಬಾಯಿನೂ ನಕ್ರು.
ನನ್ನ ಬಾಯಿ ಮುಚ್ಚಿಬಿಡ್ತು."

ಗಟ್ಟಿ ಆಗು ಅನ್ನಲಿಲ್ಲ ನಾ.
ಆ ಮಾತು ನನಗ ಮೇಸ್ತ್ರಿ ದಿನಾ ಹೇಳ್ತಾನ.
ಒಂದು ತಂಬಿಗಿ ತುಂಬಿ ಕೊಟ್ಟೆ.
ನೀರು, ಅಂದೆ.
ಪಾಣಿ, ಅಂದ್ಳು.
ನೀಳ್ಳು, ಅಂದೆ, ಬಾಜೂಮನಿ ನರ್ಸವ್ವನಂಗ ರಾಗ ಎಳದು.
ನಕ್ಕು, ಗಟಗಟ ಕುಡದ್ಳು.
ತಂಬಿಗಿ ಒಂದೇ ಇತ್ತು.

ಅವತ್ತಿಂದ ದಿನಾ ಹಿಟ್ಟು ಕಲಸೂ ಹೊತ್ತಿಗೆ
ಕೇಳ್ತೀನಿ: ಇವತ್ತಿಂದು ಎಷ್ಟದ?
ಒಂದಿನ ಬಾರಿಕಾಯಿಯಷ್ಟು,
ಒಂದಿನ ನಿಂಬಿಹಣ್ಣಿನಷ್ಟು.
ಓಣಿಯ ಕುನ್ನಿ ಟೆಂಪೋ ಕೆಳಗ ಸಿಕ್ಕ ದಿನ
ಉಂಡಿ ಮಾಡಲಿಲ್ಲ, ಹಿಟ್ಟು ಮುಟ್ಟಲಿಲ್ಲ,
ಪರಾತದ ಅಂಚು ಹಿಡಕೊಂಡು ಸುಮ್ಮನ ಕುಂತಿದ್ಳು.
ನಾನೂ ಆ ಕಡೆ ಅಂಚು ಹಿಡಕೊಂಡೆ.
ತಿನ್ನೂ ಹಿಟ್ಟಿನ್ಯಾಗ ಎಂಥ ಆಟ ಅಂತಾಳ ಸುಗಲಾ.
ತಿಂತೀವಲ್ಲ, ಅಂತೀನಿ.

ಮೊನ್ನೆ ಶನಿವಾರ ಸೇಠ್ ಹೇಳಿದ:
ಮುಂದಿನ ವಾರದಿಂದ ಅರ್ಧ ಮಗ್ಗ ಬಂದ್.
ಯಾರ್ಯಾರು ಅರ್ಧದಾಗ ಬರ್ತಾರ, ಹೇಳಲಿಲ್ಲ.
ಮನ್ಯಾಗ ನಾನೂ ಹೇಳಲಿಲ್ಲ.
ಹಿಟ್ಟು ಕಲಸಿದೆ.
"ಅಪ್ಪಾ, ಇವತ್ತ ನಿಂದು ಎಷ್ಟದ?"

ಇಷ್ಟಂದೆ. ಬಾರಿಕಾಯಿ.
ಉಂಡಿ ನೋಡ್ಲಿಲ್ಲ ಆಕಿ. ನನ್ನ ಮಾರಿ ನೋಡಿದ್ಳು.
"ಸುಳ್ಳು."
ಪರಾತ ಹಂಗೇ ನನ್ನ ಕಡೆ ನೂಕಿದ್ಳು,
ಹಿಟ್ಟಿನ ಡಬ್ಬಿನೂ.

ರಾತ್ರಿ ಸುಗಲಾ ಬಂದು ರೊಟ್ಟಿ ಎಣಿಸಿದ್ಳು.
ಹನ್ನೊಂದು.
"ಯವ್ವಾ, ಯಾರವಿವು ಇಷ್ಟೊಂದು?"
ಕಸ್ತೂರಿ ನನ್ನ ಕಡೆ ಬೆರಳು ಮಾಡಿದ್ಳು.
ಸುಗಲಾ ತಂಬಾಕಿನ ಕೈ ತೊಳಕೊಂಡು,
ಸೆರಗಿಗೆ ಒರಸಿಕೊಂಡು,
ನನ್ನ ಬಲಗಿವಿ ಕಡೆ ಬಂದು ಕುಂತ್ಳು.
ಮ್ಯಾಲಿನ ರೊಟ್ಟಿ ಮುರದು
ಮೂರು ತುಣುಕು ಮಾಡಿದ್ಳು.