ಐವತ್ತೊಂದು ಸಾವಿರದ ನಾನೂರ ಎಂಬತ್ತೆರಡು

ನನ್ನ ಕೆಲಸ ಸರಳ. ಬೆಲ್ಲು ಒತ್ತುವುದು,
ಕೊರಳಿನ ಗುರುತುಚೀಟಿ ತೋರಿಸುವುದು,
ಕಾರಿನ ಸುತ್ತ ನಿಧಾನ ನಡೆಯುವುದು,
ಗೀರು ಕಂಡರೆ ಬಗ್ಗಿ ಉದ್ದ ಅಳೆಯುವುದು.
ಇಪ್ಪತ್ತೈದು ಮಿಲಿಮೀಟರಿನೊಳಗೆ ಸವೆತ,
ಅದರಾಚೆಗೆ ಹಾನಿ.
ಸವೆತಕ್ಕೆ ಕ್ಷಮೆಯುಂಟು, ಹಾನಿಗೆ ದರವುಂಟು.

ಹಲ್ ಪಟ್ಟಣ. ಹೋಲ್ಡರ್‌ನೆಸ್ ರಸ್ತೆಗೆ ತಾಗಿದ ಓಣಿ,
ಹೆಗಲಿಗೆ ಹೆಗಲು ಕೊಟ್ಟು ನಿಂತ ಇಟ್ಟಿಗೆ ಮನೆಗಳು.
ಬಾಗಿಲು ತೆರೆದವಳು ಬ್ರಯೊನಿ ಥ್ಯಾಕ್ರೆ,
ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡು,
ಎರಡೂ ಕೀಲಿಗಳನ್ನು ಮುಷ್ಟಿಯಲ್ಲಿ ಹಿಡಿದು.
"ಅರ್ಧ ಕಟ್ಟಿದ್ದೇನೆ," ಅಂದಳು, ನಾನು ಬಾಯಿ ತೆರೆಯುವ ಮೊದಲೇ.
"ಅರ್ಧ ಕಟ್ಟಿದವರು ಬಿಟ್ಟುಕೊಡಬಹುದು. ಕಾನೂನು.
ಕಾಗದ ಓದಿದ್ದೇನೆ. ಮೂರು ಸಲ."
ಹೌದು ಮೇಡಂ, ಅಂದೆ. ಕಾನೂನಿನ ಜೊತೆ ನನಗೆ ಜಗಳವಿಲ್ಲ.

ಕೀಲಿ ತಿರುವಿದೆ. ಅಂಕಿ ಹೊತ್ತಿಕೊಂಡಿತು.
ಐವತ್ತೊಂದು ಸಾವಿರದ ನಾನೂರ ಎಂಬತ್ತೆರಡು.
ಒಪ್ಪಂದದಂತೆ ಇಷ್ಟು ಹೊತ್ತಿಗೆ ಇಪ್ಪತ್ತೈದು ಸಾವಿರ.
ಮಿಕ್ಕಿದ್ದಕ್ಕೆ ಮೈಲಿಗೆ ಎಂಟು ಪೆನ್ಸ್.
ಕಟ್ಟಲೇಬೇಕು ಅನ್ನುತ್ತದೆ ಕಂಪನಿ,
ಬೇಕಿಲ್ಲವೆಂದು ಕೆಲವರು ಪತ್ರ ಬರೆಯುತ್ತಾರೆ,
ಆ ಪತ್ರಗಳು ಹೋಗುವ ಮಹಡಿಯನ್ನು ನಾನು ನೋಡಿಲ್ಲ.

"ಟ್ಯಾಕ್ಸಿ ಓಡಿಸ್ತಿದ್ರಾ?"
ನಕ್ಕಳು. ನಗುವಿಗಿಂತ ಮೇಲೆ, ಕಣ್ಣ ಕೆಳಗೆ, ಎರಡು ಕಪ್ಪು ಜೋಳಿಗೆ.
"ಎಡಿತ್. ನನ್ನ ಮಗಳು. ತೊಟ್ಟಿಲಲ್ಲಿ ಕಿರುಚಿದಳು,
ಎದೆಯ ಮೇಲೆ ಕಿರುಚಿದಳು, ಡಾಕ್ಟರ ಮುಂದೆ ಮಾತ್ರ ಸುಮ್ಮನಿದ್ದಳು.
ಇಂಜಿನ್ನು ಶುರುವಾದರೆ ಸಾಕು, ಬಾಯಿಗೆ ಬೀಗ.
ನಿಂತರೆ ಎಚ್ಚರ.
ಹಾಗಾಗಿ ನಿಲ್ಲಲಿಲ್ಲ."

ರಾತ್ರಿ ಹನ್ನೊಂದಕ್ಕೆ ಹೊರಟು ವಿದರ್ನ್‌ಸೀವರೆಗೆ.
ಅಲ್ಲಿ ಸಮುದ್ರ ಅಡ್ಡ ಬರುತ್ತದೆ.
ಮನೆಗಳ ನಡುವೆ ದಾರಿ ತಪ್ಪಿ ನಿಂತಂತಿರುವ ದೀಪಸ್ತಂಭ,
ಉರಿಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು;
ಅದರ ಬುಡದ ಬೀದಿಗಳಲ್ಲಿ ಒಂದು ಸುತ್ತು, ಮರಳಿ ಮನೆಗೆ.
ಕೆಲವು ರಾತ್ರಿ ಎರಡು ಸಲ.
ಹೆಡನ್ನಿನ ಬಂಕಿನಲ್ಲಿ ಪೆಟ್ರೋಲು ಹಾಕುವಾಗ
ಸೊಂಟ ಕೊಟ್ಟು ಕಾರನ್ನು ತೂಗುತ್ತಿದ್ದಳಂತೆ,
ಕ್ಯಾಷಿನ ಹುಡುಗ ಹೊರಗೋಡಿ ಬಂದು
ಆ ಬದಿಯಿಂದ ನೂಕುತ್ತಿದ್ದನಂತೆ,
ಇಬ್ಬರೂ ಮಾತಿಲ್ಲದೆ, ಮೀಟರು ತಿರುಗುತ್ತಾ.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಹಳೇ ಚಟ.
ಮಿಕ್ಕ ಮೈಲಿಗಳಲ್ಲಿ ಭೂಮಿಗೊಂದು ಪ್ರದಕ್ಷಿಣೆ ಮುಗಿದು
ಇನ್ನೂ ಸ್ವಲ್ಪ ಉಳಿಯುತ್ತದೆ.
ಹೆಂಗಸು ಯಾರ್ಕ್‌ಷೈರಿನ ಗಡಿ ದಾಟಿಲ್ಲ.

ಬಳಕೆಯ ಉದ್ದೇಶ: ಸ್ವಂತ, ವ್ಯಾಪಾರ. ಎರಡೇ ಖಾನೆ.
ಸ್ವಂತ ಒತ್ತಿದೆ.
ಹಿಂಬಾಗಿಲಲ್ಲೊಂದು ಗೀರು. ಇಪ್ಪತ್ತೇಳು ಮಿಲಿಮೀಟರು.
ಇಪ್ಪತ್ತನಾಲ್ಕು ಎಂದು ಬರೆದೆ.
ಚಳಿಗೆ ಲೋಹ ಕುಗ್ಗುತ್ತದೆ.

"ಈಗ?" ಕೇಳಬಾರದಿತ್ತು.
"ಮೂರು ವಾರದಿಂದ ಹಾಸಿಗೆಯಲ್ಲೇ. ಏಳರಿಂದ ಏಳು.
ಯಾಕೆ ಅಂತ ಕೇಳಬೇಡಿ, ಒಂದು ದಿನ ಮಲಗಿಬಿಟ್ಟಳು.
ನನಗೇ ಬರೋದಿಲ್ಲ.
ಹನ್ನೊಂದಾದರೆ ಹೊದಿಕೆಯೊಳಗೆ ಕಾಲು ಕ್ಲಚ್ಚು ಹುಡುಕುತ್ತೆ."

ಅವಳ ಮಂಡಿಯ ಹಿಂದೆ ಒಂದು ಮುಖ ಇಣುಕಿತು,
ಒಂದೇ ಕಾಲುಚೀಲ, ಮೂಗಿನಡಿ ಜಾಮು.
"ನಮ್ದು," ಅಂತು, ನನಗಲ್ಲ, ಕಾರಿಗೆ.
ಬ್ರಯೊನಿ ಬೆರಳಲ್ಲಿ ಸಹಿ ಹಾಕಿದಳು.
ಗಾಜಿನ ಮೇಲೆ ಸಹಿ ಯಾವತ್ತೂ ಅವರವರದರಂತೆ ಇರುವುದಿಲ್ಲ.

ಹಂಬರ್ ಸೇತುವೆ ದಾಟಿ ಹರಾಜಿನ ಅಂಗಳಕ್ಕೆ
ಇನ್ನೂ ಇಪ್ಪತ್ತೇಳು ಮೈಲಿ.
ಅದು ಅವಳ ಲೆಕ್ಕಕ್ಕಿಲ್ಲ, ನನ್ನದಕ್ಕೂ ಇಲ್ಲ.
ಕೆಳಗೆ ಕಂದು ನೀರು, ಸೀಟಿನಡಿ ಏನೋ ಉರುಳುವ ಸದ್ದು,
ಬಾಟಲಿಯ ಮುಚ್ಚಳವೋ, ಗಿಲಕಿಯೋ.
ಸೇತುವೆಯಿಳಿದ ಮೇಲೆ ಸಿಕ್ಕ ಕೆಂಪು ದೀಪದೆದುರು
ಗಮನಿಸಿದೆ: ನಾನು ಪೂರ್ತಿ ನಿಲ್ಲಿಸಿಲ್ಲ,
ಅಂಗುಲ ಅಂಗುಲ ಮುಂದೆ ಬಿಡುತ್ತಿದ್ದೇನೆ.
ಹಿಂದಿನವನು ಹಾರ್ನ್ ಹೊಡೆದ.

ಶ್, ಅಂದೆ.