ನಲವತ್ತೊಂದನೆಯ ಸ್ಲೇಟು

ಆವಿಲಾದ ಮ್ಯೂಸಿಯಂ, ನೆಲಮಾಳಿಗೆ. ಅದರ ಬೀಗದ ಕೈ
ಮೂವತ್ತೊಂದು ವರ್ಷ ನನ್ನ ಸೊಂಟದಲ್ಲಿತ್ತು.
ಅಷ್ಟೂ ವರ್ಷ, ಮಾರ್ಚ್ ಬಂತೆಂದರೆ
ಉಣ್ಣೆಗವಸಿನ ಬೆರಳತುದಿ ಕತ್ತರಿಸಿಕೊಂಡು
ಇಳಿದು ಬರುವರು ಓಲಾಯಾ ಸೆಪೇದಾ.

‘ನಲವತ್ತೊಂದು ಹೇಗಿದೆ?’ ಎನ್ನುವರು
ಹಾಸಿಗೆ ಹಿಡಿದ ನೆಂಟರನ್ನು ವಿಚಾರಿಸಿದ ಹಾಗೆ.

ಅಂಗೈಯಗಲದ ಕರಿ ಸ್ಲೇಟು,
ಯಾವುದೋ ಹಂದಿಗೂಡಿನ ಮಾಡಿನಿಂದ ಕಿತ್ತು ತಂದದ್ದು.
ಮೊಳೆಯಲ್ಲಿ ಗೀಚಿದ ಲ್ಯಾಟಿನ್, ಅದೂ ಕುಂಟು ಲ್ಯಾಟಿನ್,
ವಿಭಕ್ತಿಯೆಲ್ಲ ಸವೆದು
ಇನ್ನೂ ಹುಟ್ಟದ ಸ್ಪ್ಯಾನಿಷಿನ ಕಡೆಗೆ ಕಾಲು ಚಾಚಿದ್ದು.
ಫ್ರೋಯಿಲ, ಜವೆ, ಎರಡು ಕೊಳಗ.
ದೆಸಿದೇರಿಯಾ, ಒಂದು ಕುರಿ, ಕೊಟ್ಟಿಲ್ಲ.
ಮೂರನೆಯ ಸಾಲಿಗೆ ಕಲ್ಲು ಒಡೆದಿದೆ.

ದೊರೆಗಳ ಮೇಲೆ ಬರೆ ಎಂದಿದ್ದರಂತೆ ಗುರುಗಳು,
ಸಾಲಗಾರರ ಮೇಲೆ ಬರೆದರೆ ಯಾರು ಕೆಲಸ ಕೊಟ್ಟಾರು?
ಹನ್ನೆರಡು ವರ್ಷ ಯಾರೂ ಕೊಡಲಿಲ್ಲ.
ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು
ರಜೆಗೆ ಬಸ್ಸು ಹತ್ತಿ ಇಲ್ಲಿಗೆ.
ಆಮೇಲೆ ಪೀಠ ಬಂತು, ಪದಕ ಬಂತು,
ಎಡಗಣ್ಣಿಗೆ ಪೊರೆ ಬಂತು.

ಒಮ್ಮೆ ಕೇಳಿದೆ: ರೋಮ್ ಬಿತ್ತಲ್ಲ ಮೇಡಂ,
ಅದರ ಸುದ್ದಿ ಇದರಲ್ಲಿಲ್ಲವೆ?
ನಕ್ಕರು. ‘ಆ ಸದ್ದು ಈ ಬೆಟ್ಟಕ್ಕೆ ಕೇಳಿಸಿತೋ ಇಲ್ಲವೋ,
ಕುರಿ ಬಾಕಿಯಿತ್ತಲ್ಲ, ಅದು ಕೇಳಿಸಿತ್ತು.’

ಒಡೆದ ಸಾಲಿನಲ್ಲಿ ಉಳಿದದ್ದು ಒಂದೇ ಪದ.
ಸೆರ್ವಾ, ಎಂದು ಓದಿದ್ದರು ಅವರು. ದಾಸಿ.
ಸಾಲಕ್ಕೆ ಅಡವಾಗಿ ಹೋದವಳು.
ಅವಳ ಬೆನ್ನ ಮೇಲೆ ನಿಂತಿತ್ತು ಅವರ ಮೂರನೆಯ ಪುಸ್ತಕ.

ಹೋದ ಮಾರ್ಚ್, ನಿವೃತ್ತಿಗೆ ಮೂರು ತಿಂಗಳು.
ಶಿಷ್ಯ ಬ್ರೌಲಿಯೊ ಟಾರ್ಚನ್ನು
ಮೇಜಿನ ಮಟ್ಟಕ್ಕೇ ಇಳಿಸಿ ಹಿಡಿದ.
ಗೆರೆಗಳು ನೆರಳು ಹೊತ್ತು ಎದ್ದು ಕೂತವು.
ಮೊದಲ ಅಕ್ಷರ ಬೇರೆ. ಸೆರ್ವಾ ಅಲ್ಲ, ಕೆರ್ವಾ.
ಹೆಣ್ಣು ಜಿಂಕೆ.
ಹುಡುಗ ಉಗುಳು ನುಂಗಿದ.
ನಾನು ಸುಮ್ಮನೆ ಬೀಗದ ಕೈ ಎಣಿಸಿದೆ.

ಮೇಡಂ ಕನ್ನಡಕ ತೆಗೆದರು, ಹಾಕಿದರು, ತೆಗೆದರು.
‘ಒಳ್ಳೆಯದಾಯಿತು’ ಎಂದರು ಬಹಳ ಹೊತ್ತಿನ ಮೇಲೆ,
‘ಇಪ್ಪತ್ತಾರು ವರ್ಷ
ಇಲ್ಲದವಳೊಬ್ಬಳನ್ನು ಕಟ್ಟಿಹಾಕಿದ್ದೆ.’

ಸ್ಲೇಟನ್ನು ಹತ್ತಿಯ ಮೇಲೆ ಮಲಗಿಸಿ
ಅರೆಯನ್ನು ಒಳಗೆ ತಳ್ಳಿದೆ.
ಅರ್ಧ ಮೆಟ್ಟಿಲಲ್ಲಿ ಅವರು ನಿಂತರು, ದಣಿವಿಗಲ್ಲ.
‘ಬ್ರೌಲಿಯೊ, ಜಿಂಕೆ ಸರಿ.
ಕೊಡಬೇಕಾಗಿದ್ದವರು ಯಾರು?’

ಆ ಹೆಸರು ಉಳಿದರ್ಧ ಕಲ್ಲಿನಲ್ಲಿದೆ.
ಯಾರ ಹಂದಿಗೂಡಿನ ಮೇಲೋ, ಹಿಮದಡಿಯಲ್ಲಿ.